ಪ್ರಾಕ್ಸಿಗೆ ಎಷ್ಟು ವಿಳಾಸ?

ಇದು ಕೊನೆ ವರ್ಷದ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಮತ್ತು ಕಾಲೇಜಿನ ಲ್ಯಾಬ್ ಸಿಬ್ಬಂದಿಯ ಮುಂದೆ ಆಡಿದ ಮಾತು. ಮುಕ್ಕಾಲು ಗಂಟೆ ಅಂತ ಶುರುವಾಗಿದ್ದು, ಪ್ರಶ್ನೆಗಳೆಲ್ಲ ಸೇರಿ ಎರಡು ಗಂಟೆ ಆಯಿತು. ಪರದೆಯ ಮೇಲೆ ತೋರಿಸಿದ ಕಮಾಂಡುಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ವಿಳಾಸಗಳ ಅಂಕಿ ಬದಲಿಸಿದ್ದೇನೆ. 203.0.113 ಅಂತ ಶುರುವಾಗುವ ನಂಬರು ಯಾರದ್ದೂ ಅಲ್ಲ, ಹುಡುಕಲು ಹೋಗಬೇಡಿ. ಪಾಠ, ಪುಸ್ತಕಗಳಲ್ಲಿ ಉದಾಹರಣೆಗೆ ಬಳಸಲಿ ಅಂತಲೇ ಅದನ್ನು ತೆಗೆದಿಟ್ಟಿದ್ದಾರೆ.

ಎಲ್ಲರಿಗೂ ನಮಸ್ಕಾರ.

ಒಂದು ಫೋನ್ ಕರೆಯಿಂದ ಶುರು ಮಾಡ್ತೀನಿ. ನಾನು ನೆಟ್‌ವರ್ಕ್ ನೋಡಿಕೊಳ್ಳುವ ಕಾಲೇಜಿನ ಲೈಬ್ರರಿಯಿಂದ ಬಂದ ಕರೆ.

"ಸರ್, ಪೇಪರ್ ಓಪನ್ ಆಗ್ತಾ ಇಲ್ಲ. ದುಡ್ಡು ಕೊಡಿ ಅಂತಿದೆ."

"ರಿಫ್ರೆಶ್ ಮಾಡಿ ನೋಡಿ ಮೇಡಂ."

"ಹಾಂ, ಈಗ ಬಂತು."

ಫೋನ್ ಇಟ್ಟೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಕರೆ. ಒಂದು ಸಲ ಜರ್ನಲ್ಲಿನ ಸಂಶೋಧನಾ ಪೇಪರ್ ಪೂರ್ತಿ ತೆರೆಯುತ್ತದೆ, ಇನ್ನೊಂದು ಸಲ ಅದೇ ಪೇಪರಿಗೆ ಡಾಲರ್‌ನಲ್ಲಿ ರೇಟು ತೋರಿಸುತ್ತದೆ. ಕಾಲೇಜು ವರ್ಷದ ಚಂದಾ ಕಟ್ಟಿಯಾಗಿದೆ. ನೆಟ್ ಚೆನ್ನಾಗೇ ಬರ್ತಿದೆ. ಮತ್ತೆ ಏನು ತೊಂದರೆ?

ಇದಕ್ಕೆ ಉತ್ತರ ಹುಡುಕಲು ನನಗೆ ಮೂರು ದಿನ ಬೇಕಾಯಿತು. ಅಲ್ಲಿವರೆಗೂ, ನಮ್ಮ ಪರವಾಗಿ ಹೊರಗಿನ ಸೈಟುಗಳಿಂದ ಪುಟ ತಂದುಕೊಡುವ ಪ್ರಾಕ್ಸಿ ಸರ್ವರ್‌ಗೆ ಒಂದು ವಿಳಾಸ ಇರುತ್ತದೆ, ಅದನ್ನು ಸರಿಯಾಗಿ ಹಾಕಿದರೆ ಮುಗೀತು ಅಂದುಕೊಂಡಿದ್ದೆ. ಹಾಗಲ್ಲ. ನೆಟ್‌ವರ್ಕಿನ ಗೇಟು ಕಾಯುವ ಫೈರ್‌ವಾಲಿನ ಹಿಂದೆ ಕೂತ ಪ್ರಾಕ್ಸಿಗೆ ಕೇಳಿಸಿಕೊಳ್ಳುವ ವಿಳಾಸ ಒಂದು, ಹೊರಗೆ ಹೋಗುವ ವಿಳಾಸ ಇನ್ನೊಂದು, ತನ್ನ ಬಗ್ಗೆ ಬೇರೆಯವರಿಗೆ ಹೇಳಿಕೊಳ್ಳುವ ವಿಳಾಸ ಮತ್ತೊಂದು. ಕಾನ್ಫಿಗ್ ಫೈಲಿನಲ್ಲಿ ಬರೀ 'ಅಡ್ರೆಸ್' ಅಂತಿರುತ್ತದೆ. ಇವುಗಳಲ್ಲಿ ಯಾವುದನ್ನು ಕೇಳ್ತಿದೆ ಅಂತ ಗೊತ್ತಾಗದೆ ನಾವು ಸುಮ್ನೆ ಒಂದು ನಂಬರು ತುಂಬಿ ಕೈ ತೊಳೆದುಕೊಳ್ಳುತ್ತೇವೆ.

ಹಾಸ್ಟೆಲಿನಲ್ಲಿ ಇರುವವರು ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕರ್ಧ ಇದ್ದೀರಿ. ನಿಮ್ಮ ರೂಮ್ ನಂಬರ್ 12 ಅಂತಿಟ್ಟುಕೊಳ್ಳಿ. ಊರಿನ ಎಲ್ಲ ಹಾಸ್ಟೆಲಿನಲ್ಲೂ 12ನೇ ರೂಮ್ ಇರುತ್ತದೆ. ಅಂಚೆಯಣ್ಣನಿಗೆ ಅದರಿಂದ ಏನೂ ಉಪಯೋಗ ಇಲ್ಲ. ಅವನಿಗೆ ಬೇಕಾಗಿರುವುದು ಹಾಸ್ಟೆಲಿನ ವಿಳಾಸ. ನೆಟ್‌ವರ್ಕಿನಲ್ಲೂ ಇಂಥ ರೂಮ್ ನಂಬರುಗಳಿವೆ. 10 ಅಂತ ಶುರುವಾಗುವವು, 172.16ರಿಂದ 172.31ರ ತನಕ, ಮತ್ತೆ ನಿಮಗೆಲ್ಲ ಗೊತ್ತಿರುವ 192.168. 1996ರ ಫೆಬ್ರವರಿಯಲ್ಲಿ ಬಂದ ಆರ್‌ಎಫ್‌ಸಿ 1918 ಅನ್ನುವ ಇಂಟರ್‌ನೆಟ್ ದಾಖಲೆ ಈ ಮೂರನ್ನೂ ಒಳಗಿನ ಬಳಕೆಗೆ ಅಂತ ಪಟ್ಟಿ ಮಾಡಿತು. ಆಗಲೇ ವಿಳಾಸಗಳು ಸಾಲುವುದಿಲ್ಲ ಅನ್ನುವ ಚಿಂತೆ ಶುರುವಾಗಿತ್ತು. ಈ ನಾಲ್ಕು ಅಂಕಿಯ ವಿಳಾಸ ಪದ್ಧತಿಗೆ ಐಪಿವಿ4 ಅಂತಾರೆ, ಅದರಲ್ಲಿ ಇರುವುದೇ ಒಟ್ಟು ಸುಮಾರು 429 ಕೋಟಿ ವಿಳಾಸ. ಇವತ್ತು ಮನೆಗೆ ನಾಲ್ಕು ಫೋನು, ಮೇಲೊಂದು ಟಿವಿ. ಎಲ್ಲಿ ಸಾಲಬೇಕು?

ಹಾಗಾಗಿ ಒಳಗೆ ರೂಮ್ ನಂಬರು, ಗೇಟಿನಲ್ಲಿ ಹಾಸ್ಟೆಲಿನ ವಿಳಾಸ. ಗೇಟಿನಲ್ಲಿ ಕೂತು ಒಂದನ್ನು ಇನ್ನೊಂದಕ್ಕೆ ಬದಲಿಸುವವನು ಫೈರ್‌ವಾಲ್. ಈ ಬದಲಾವಣೆಗೆ ನ್ಯಾಟ್ ಅಂತಾರೆ. ಪ್ರಾಕ್ಸಿ ಮಾಡುವ ಕೆಲಸ ಬೇರೆ. ಅದು ನಿಮ್ಮ ಪರವಾಗಿ ಅಂಗಡಿಗೆ ಹೋಗಿ ಸಾಮಾನು ತರುವ ಹುಡುಗ. ಅಂಗಡಿಯವನಿಗೆ ಗೊತ್ತಿರುವುದು ಆ ಹುಡುಗನ ಮುಖ, ನಿಮ್ಮದಲ್ಲ.

ಈ ಹುಡುಗ ಹುಟ್ಟಿದ್ದೇ ಫೈರ್‌ವಾಲಿನ ಕಾರಣಕ್ಕೆ. 1994ರಲ್ಲಿ, ವೆಬ್ ಹುಟ್ಟಿದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಆರಿ ಲುವೊಟೊನೆನ್ ಅವರು ವೆಬ್ ಸರ್ವರ್‌ಗೆ ಪ್ರಾಕ್ಸಿ ಸೌಲಭ್ಯ ಸೇರಿಸಿದ್ದೇ ಫೈರ್‌ವಾಲಿನ ಒಳಗಿದ್ದವರೂ ವೆಬ್ ನೋಡಲಿ ಅಂತ. ಒಮ್ಮೆ ತಂದ ಪುಟವನ್ನು ಇಟ್ಟುಕೊಂಡು ಇನ್ನೊಬ್ಬರಿಗೂ ಕೊಡುವ ಕೆಲಸವೂ ಜೊತೆಗೇ ಸೇರಿತು. 1996ರಲ್ಲಿ ಡ್ವೇನ್ ವೆಸಲ್ಸ್ ಅವರ ಸ್ಕ್ವಿಡ್ ಅನ್ನುವ ಪ್ರಾಕ್ಸಿ ಪ್ರೋಗ್ರಾಂ ಬಂತು. ನಮ್ಮ ಕಡೆ ತೆಳ್ಳನೆಯ ಲೈನ್ ಇದ್ದ ಕಾಲಕ್ಕೆ ಸ್ಕ್ವಿಡ್ ದೇವರಿದ್ದ ಹಾಗೆ. ಈಗ ಹೆಚ್ಚುಕಡಿಮೆ ಎಲ್ಲ ಸೈಟೂ ಎಚ್‌ಟಿಟಿಪಿಎಸ್, ಅಂದರೆ ಗುಟ್ಟಿನ ಲಿಪಿಯಲ್ಲಿ ಮಾತಾಡುವಂಥದ್ದು. ಪ್ರಾಕ್ಸಿ ಒಳಗಿನದನ್ನು ನೋಡದೆ ಬೀಗ ಹಾಕಿದ ಪೆಟ್ಟಿಗೆಯನ್ನು ದಾಟಿಸುತ್ತದೆ ಅಷ್ಟೆ. ಪುಟ ಉಳಿಸಿಕೊಳ್ಳುವ ಲಾಭ ಬಹುಪಾಲು ಹೋಯಿತು. ಆದರೂ ಯಾರು, ಎಲ್ಲಿಗೆ, ಯಾವ ವಿಳಾಸದಿಂದ ಹೋಗಬೇಕು ಅನ್ನುವುದನ್ನು ಒಂದೇ ಕಡೆ ತೀರ್ಮಾನಿಸಲು ಇದರಷ್ಟು ಸಲೀಸಾದದ್ದು ನನಗೆ ಬೇರೆ ಸಿಕ್ಕಿಲ್ಲ.

ನಮ್ಮ ಪ್ರಾಕ್ಸಿ ಪೆಟ್ಟಿಗೆಗೆ ಎರಡು ನೆಟ್‌ವರ್ಕ್ ಕಾರ್ಡು, ಅಂದರೆ ಎರಡು ಕಾಲು. ಒಳಗಿನ ಕಾಲು 10.20.0.5, ಕಾಲೇಜಿನ ಕಡೆಗೆ. ಹೊರಗಿನ ಕಾಲು 172.16.5.5, ಫೈರ್‌ವಾಲಿನ ಕಡೆಗೆ. ಫೈರ್‌ವಾಲಿನ ಆಚೆ ಹೊರ ಜಗತ್ತಿಗೆ ಕಾಣುವ ವಿಳಾಸ 203.0.113.10. ಈ ಮೂರು ನಂಬರು ನೆನಪಿಟ್ಟುಕೊಳ್ಳಿ.

ಮೊದಲು ಕೇಳಿಸಿಕೊಳ್ಳುವ ವಿಳಾಸ. ಸ್ಕ್ವಿಡ್ ಫೈಲಿನಲ್ಲಿ ಎಚ್‌ಟಿಟಿಪಿ ಪೋರ್ಟ್ ಅಂತ ಒಂದು ಸಾಲು ಇರುತ್ತದೆ, ಮುಂದೆ 3128. ಪೋರ್ಟ್ ಅಂದರೆ ಆ ವಿಳಾಸದಲ್ಲಿರುವ ಬಾಗಿಲಿನ ನಂಬರು. ಬರೀ 3128 ಅಂತ ಬಿಟ್ಟರೆ ಪೆಟ್ಟಿಗೆಯ ಎಲ್ಲ ವಿಳಾಸದಲ್ಲೂ ಕಿವಿ ತೆರೆದು ಕೂರುತ್ತದೆ. ಒಳಗಿನ ಕಾಲಿನಲ್ಲೂ, ಹೊರಗಿನ ಕಾಲಿನಲ್ಲೂ. ನಮಗೆ ಬೇಕಾಗಿರುವುದು ಒಳಗಿನವರ ಮಾತು ಮಾತ್ರ. ಹಾಗಾಗಿ 10.20.0.5, ಕೋಲನ್, 3128 ಅಂತ ಪೂರ್ತಿ ಬರೀಬೇಕು. ಐದು ಸೆಕೆಂಡಿನ ಕೆಲಸ.

ಈ ಐದು ಸೆಕೆಂಡು ಉಳಿಸಲು ಹೋಗಿ ನಾನು ಕೆಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಶುಕ್ರವಾರ ಸಂಜೆ, ಸೀದಾ ಹೊರಗಿನ ವಿಳಾಸ ಇದ್ದ ಪೆಟ್ಟಿಗೆಯೊಂದರಲ್ಲಿ ಪ್ರಾಕ್ಸಿ ಹಾಕಿ ಪರೀಕ್ಷೆ ಮಾಡ್ತಿದ್ದೆ. ನನ್ನ ಬ್ರೌಸರ್‌ನಿಂದ ಬರಲೇ ಇಲ್ಲ. ಸ್ಕ್ವಿಡ್ ಜೊತೆ ಬರುವ ಫೈಲಿನ ನಿಯಮಗಳ ಕೊನೆಯಲ್ಲಿ 'ಉಳಿದವರಿಗೆಲ್ಲ ಬೇಡ' ಅನ್ನುವ ಸಾಲು ಇರುತ್ತದೆ. ಬೇಸರ ಬಂದು ಅದನ್ನು 'ಎಲ್ಲರಿಗೂ ಸರಿ' ಅಂತ ಮಾಡಿದೆ. ಬಂತು. ಖುಷಿಯಾಗಿ ಮನೆಗೆ ಹೋದೆ. ಸೋಮವಾರ ಬಂದು ನೋಡಿದರೆ ಡಿಸ್ಕ್ ತುಂಬಿ ಪೆಟ್ಟಿಗೆ ನಿಂತಿದೆ. ಲಾಗ್ ತೆಗೆದರೆ ಕೇಳರಿಯದ ದೇಶಗಳ ಗಿರಾಕಿಗಳು. ತೆರೆದ ಪ್ರಾಕ್ಸಿ ಹುಡುಕುವ ಪ್ರೋಗ್ರಾಂಗಳು ಹಗಲೂ ರಾತ್ರಿ ಬಾಗಿಲು ತಟ್ಟುತ್ತಲೇ ಇರುತ್ತವೆ, ನಾನು ತೆಗೆದು ಒಳಗೆ ಕರೆದಿದ್ದೆ. ಆ ವಿಳಾಸ ಸ್ಪ್ಯಾಮ್ ಪಟ್ಟಿಗೆ ಸೇರಿ, ಅದನ್ನು ಬಿಡಿಸಿಕೊಳ್ಳಲು ಪಟ್ಟ ಪಾಡು ಬೇರೆ. ಅದಕ್ಕೇ ಹೇಳೋದು, ಕಿವಿ ಎಲ್ಲಿ ತೆರೆದಿದೆ ಅಂತ ನೋಡಿಕೊಳ್ಳಿ. 'ಎಸ್‌ಎಸ್' ಅನ್ನುವ ಎರಡಕ್ಷರದ ಕಮಾಂಡ್ ಸಾಕು. 3128ಕ್ಕೆ ಮೊದಲು 0.0.0.0 ಅಥವಾ ನಕ್ಷತ್ರದ ಗುರುತು ಕಂಡರೆ ಎಲ್ಲ ಕಡೆಗೂ ತೆರೆದಿದೆ ಅಂತ ಅರ್ಥ.

ಈಗ ಲೈಬ್ರರಿ ಮೇಡಂ ಕಥೆಗೆ ಬರೋಣ.

ಜರ್ನಲ್ ಪ್ರಕಾಶಕರು ಕಾಲೇಜನ್ನು ಗುರುತು ಹಿಡಿಯುವುದು ಹೇಗೆ? ಯೂಸರ್‌ನೇಮ್, ಪಾಸ್‌ವರ್ಡ್ ಇರುವ ವ್ಯವಸ್ಥೆಯೂ ಇದೆ. ಆದರೆ ಕ್ಯಾಂಪಸ್ಸಿನ ಒಳಗಿಂದ ಓದುವವರಿಗೆ ಹಳೆಯ ರೂಢಿ ಅಂದರೆ ಐಪಿ ವಿಳಾಸ. ಚಂದಾ ಕಟ್ಟುವಾಗ ನಮ್ಮ ಹೊರಗಿನ ವಿಳಾಸ ಬರೆದುಕೊಡುತ್ತೇವೆ. 203.0.113.10ರಿಂದ ಯಾರೇ ಬಂದರೂ ಬಾಗಿಲು ತೆಗೆಯುತ್ತಾರೆ. ಅಂಗಡಿ ಹುಡುಗನ ಮುಖ ನೋಡಿ ಲೆಕ್ಕಕ್ಕೆ ಬರೆದುಕೊಂಡ ಹಾಗೆ.

ಆ ತಿಂಗಳು ನಾವು ಎರಡನೇ ಲೈನ್ ತಗೊಂಡಿದ್ದೆವು. ಹಳೆಯದು ಲೀಸ್ಡ್ ಲೈನ್, ದುಬಾರಿ, ವೇಗ ಕಮ್ಮಿ. ಹೊಸ ಫೈಬರ್ ಅಗ್ಗ, ವೇಗ ಜಾಸ್ತಿ. ಫೈರ್‌ವಾಲಿನಲ್ಲಿ ಎರಡಕ್ಕೂ ಸರಿಸಮ ಹಂಚು ಅಂತ ಹಾಕಿದ್ದೆ. ಒಂದು ಕನೆಕ್ಷನ್ ಈ ಲೈನಿನಲ್ಲಿ, ಮುಂದಿನದು ಆ ಲೈನಿನಲ್ಲಿ. ಹಳೆ ಲೈನಿನಲ್ಲಿ ಹೋದರೆ ಪೇಪರ್ ಸಿಗುತ್ತದೆ, ಹೊಸದರಲ್ಲಿ ಹೋದರೆ ದುಡ್ಡು ಕೇಳುತ್ತದೆ. ರಿಫ್ರೆಶ್ ಮಾಡಿದಾಗ ಸರಿಯಾದದ್ದು ನನ್ನ ಬುದ್ಧಿವಂತಿಕೆಯಿಂದ ಅಲ್ಲ, ನಾಣ್ಯ ಚಿಮ್ಮಿದ ಹಾಗೆ.

ಹೊಸ ಲೈನಿನ ವಿಳಾಸವನ್ನೂ ಪ್ರಕಾಶಕರಿಗೆ ಕೊಟ್ಟರಾಯಿತು ಅಂತ ನೋಡಿದೆ. 100.72 ಅಂತ ಶುರುವಾಗುತ್ತಿತ್ತು. ಹೊರಗಿನ ವಿಳಾಸದ ಹಾಗೇ ಕಾಣುತ್ತದೆ, ಅಲ್ವಾ? ಮೋಸ ಹೋಗಬೇಡಿ. 100.64ರಿಂದ 100.127ರ ತನಕ ಇರುವುದು ನೆಟ್ ಕೊಡುವ ಕಂಪನಿಗಳು ತಮ್ಮ ಒಳಗೇ ಬಳಸಲಿ ಅಂತ 2012ರಲ್ಲಿ ಬಿಟ್ಟುಕೊಟ್ಟ ಜಾಗ. ಅಂದರೆ ನಮ್ಮ ಹಾಸ್ಟೆಲೇ ಇನ್ನೊಂದು ದೊಡ್ಡ ಹಾಸ್ಟೆಲಿನ ರೂಮು. ನಿಜವಾದ ವಿಳಾಸ ಅವರ ಗೇಟಿನಲ್ಲಿದೆ, ಅದು ಇವತ್ತೊಂದು ನಾಳೆಯೊಂದು, ಜೊತೆಗೆ ಊರವರೆಲ್ಲರ ಪಾಲು. ಅದನ್ನು ನೋಂದಾಯಿಸುವ ಹಾಗೇ ಇಲ್ಲ.

ಸರಿ, ಪ್ರಾಕ್ಸಿಯೇ 203.0.113.10ರಿಂದ ಹೋಗಲಿ ಅಂದುಕೊಂಡೆ. ಸ್ಕ್ವಿಡ್‌ನಲ್ಲಿ ಟಿಸಿಪಿ ಔಟ್‌ಗೋಯಿಂಗ್ ಅಡ್ರೆಸ್ ಅಂತ ಒಂದು ಸಾಲು ಉಂಟು. ಹೆಸರೇ ಹೇಳುತ್ತದಲ್ಲ, ಹೊರಗೆ ಹೋಗುವ ವಿಳಾಸ. ಅಲ್ಲಿ 203.0.113.10 ಬರೆದೆ. ರೀಲೋಡ್ ಮಾಡಿದೆ. ಒಂದು ಸೈಟೂ ತೆರೆಯಲಿಲ್ಲ. ಲಾಗಿನಲ್ಲಿ ಎರರ್ ನಂಬರ್ 99. ಕೇಳಿದ ವಿಳಾಸ ಕೊಡಲಾಗದು ಅಂತ ಲಿನಕ್ಸ್ ಹೇಳ್ತಿದೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ, ಏಕೆಂದರೆ ಈ ತಪ್ಪನ್ನು ಎಲ್ಲರೂ ಒಂದಲ್ಲ ಒಂದು ದಿನ ಮಾಡ್ತಾರೆ. 203.0.113.10 ಇರುವುದು ಯಾರ ಹತ್ತಿರ? ಫೈರ್‌ವಾಲಿನ ಹತ್ತಿರ. ಪ್ರಾಕ್ಸಿ ಪೆಟ್ಟಿಗೆಯಲ್ಲಿ ಆ ವಿಳಾಸವೇ ಇಲ್ಲ. ತನ್ನ ಬಳಿ ಇಲ್ಲದ ಅಂಗಿಯನ್ನು ಅದು ಹಾಕಿಕೊಂಡು ಹೋಗುವುದು ಹೇಗೆ? ಅಂಗಿ ಬದಲಿಸುವುದು ಗೇಟಿನಲ್ಲಿ. ಪ್ರಾಕ್ಸಿಯ ಫೈಲಿನಲ್ಲಿ ಪ್ರಾಕ್ಸಿಯ ಕಾರ್ಡಿನ ಮೇಲೆ ನಿಜಕ್ಕೂ ಇರುವ ವಿಳಾಸವನ್ನೇ ಬರೀಬೇಕು. ಉಳಿದದ್ದು ಫೈರ್‌ವಾಲಿನ ಕೆಲಸ.

ಕೊನೆಗೆ ಮಾಡಿದ್ದು ಇಷ್ಟು. ಪ್ರಾಕ್ಸಿಯ ಹೊರಗಿನ ಕಾಲಿಗೆ ಇನ್ನೊಂದು ವಿಳಾಸ ಕೊಟ್ಟೆ, 172.16.5.6. ಒಂದೇ ಕಾರ್ಡು, ಒಂದೇ ಕೇಬಲ್ಲು, ಎರಡು ವಿಳಾಸ. ಜರ್ನಲ್ ಸೈಟುಗಳ ಹೆಸರನ್ನು ಒಂದು ಪಟ್ಟಿ ಮಾಡಿ, ಈ ಪಟ್ಟಿಯಲ್ಲಿದ್ದರೆ 5.6ರಿಂದ ಹೋಗು, ಇಲ್ಲದಿದ್ದರೆ 5.5ರಿಂದ ಹೋಗು ಅಂತ ಸ್ಕ್ವಿಡ್‌ಗೆ ಹೇಳಿದೆ. ಪಟ್ಟಿಯಲ್ಲಿ ಹೆಸರಿನ ಶುರುವಿನಲ್ಲೇ ಒಂದು ಚುಕ್ಕಿ ಇಡುವುದನ್ನು ಮರೆಯಬೇಡಿ, ಚುಕ್ಕಿ ಇದ್ದರೆ ಒಳಗಿನ ಸಬ್‌ಡೊಮೈನುಗಳೂ ಸೇರುತ್ತವೆ. ಫೈರ್‌ವಾಲಿನಲ್ಲಿ ಇನ್ನೊಂದು ನಿಯಮ: 5.6ರಿಂದ ಬಂದದ್ದೆಲ್ಲ ಹಳೆ ಲೈನಿನಲ್ಲೇ, 203.0.113.10 ಆಗಿಯೇ ಹೋಗಲಿ. 5.5ರಿಂದ ಬಂದದ್ದು ಯಾವ ಲೈನಿನಲ್ಲಾದರೂ ಹೋಗಲಿ. ಪೇಪರ್ ಓದುವವರು ಹಳೆ ದಾರಿ, ಯೂಟ್ಯೂಬ್ ನೋಡುವವರು ಹೊಸ ದಾರಿ.

ಒಬ್ಬ ಹುಡುಗ ಇಲ್ಲಿ ಕೇಳಿದ: "ಸರ್, ಕಾಲೇಜಿನಿಂದ ಗೂಗಲ್‌ಗೆ ಹೋದರೆ ನೀವು ರೋಬೋಟ್ ಅಲ್ಲ ಅಂತ ತೋರಿಸಿ ಅಂತ ಪದೇ ಪದೇ ಯಾಕೆ ಕೇಳುತ್ತೆ?" ಅದೂ ಇದೇ ಕಾರಣಕ್ಕೆ. ಸಾವಿರ ಜನ ಒಂದೇ ಮುಖ ಹೊತ್ತು ಹೋದರೆ ಯಾರಿಗಾದರೂ ಅನುಮಾನ ಬರುತ್ತದೆ. ಹೊರಗಿನ ವಿಳಾಸ ನಾಲ್ಕು ಇದ್ದರೆ ನಾಲ್ಕಕ್ಕೆ ಹಂಚಿ, ಕಮ್ಮಿಯಾಗುತ್ತದೆ.

ಎರಡು ಕಾಲು ಅಂದೆನಲ್ಲ, ಅದರಿಂದಲೂ ಒಂದು ದಿನ ಹಾಳಾಗಿತ್ತು. ಪ್ರಾಕ್ಸಿಯನ್ನು ಮೊದಲ ಸಲ ಕೂರಿಸಿದ ದಿನದ ಮಾತು. ಸರ್ವರ್ ರೂಮಿನಲ್ಲಿ ನನ್ನ ಲ್ಯಾಪ್‌ಟಾಪಿನಿಂದ ಚೆನ್ನಾಗಿ ಬರ್ತಿತ್ತು. ಮೇಲಿನ ಲ್ಯಾಬಿನವರಿಗೆ ಬರಲೇ ಇಲ್ಲ. ಮೇಲೆ ಹತ್ತಿ ಹೋಗಿ, ಕೆಳಗೆ ಇಳಿದು ಬಂದು, ಮಂಡಿ ನೋವೂ ಬಂತು. ಆಮೇಲೆ ಪ್ರಾಕ್ಸಿಯ ಒಳಗಿನ ಕಾಲಿನ ಮೇಲೆ, ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಲ್ಯಾಬಿನ 10.20.30.41ರಿಂದ ಸಿನ್ ಪ್ಯಾಕೆಟ್ ಬಂತು, ಅಂದರೆ ಮಾತು ಶುರು ಮಾಡೋಣವೇ ಅನ್ನುವ ಕರೆ. ಒಂದು ಸೆಕೆಂಡು ಬಿಟ್ಟು ಅದೇ ಕರೆ. ಎರಡು ಸೆಕೆಂಡು ಬಿಟ್ಟು ಮತ್ತೆ. ನಾಲ್ಕು ಸೆಕೆಂಡು ಬಿಟ್ಟು ಮತ್ತೆ. ಕೂಗುವವನು ಕೂಗ್ತಾನೇ ಇದ್ದಾನೆ, ಈ ಕಾಲಿನಲ್ಲಿ ಉತ್ತರವೇ ಇಲ್ಲ.

ಉತ್ತರ ಇತ್ತು, ಇನ್ನೊಂದು ಕಾಲಿನಲ್ಲಿ. ಪ್ರಾಕ್ಸಿಗೆ ಡೀಫಾಲ್ಟ್ ಗೇಟ್‌ವೇ, ಅಂದರೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಕೊಡುವ ಬಾಗಿಲು, ಅಂತ ನಾನು ಕೊಟ್ಟಿದ್ದು ಫೈರ್‌ವಾಲ್, 172.16.5.1. ಒಳಗಿನ ಕಾಲಿಗೆ ಗೊತ್ತಿದ್ದದ್ದು 10.20.0 ಅನ್ನುವ ತನ್ನ ಓಣಿ ಮಾತ್ರ. ನನ್ನ ಲ್ಯಾಪ್‌ಟಾಪ್ ಅದೇ ಓಣಿಯಲ್ಲಿತ್ತು, ಹಾಗಾಗಿ ಬಂತು. 10.20.30 ಪಕ್ಕದ ಓಣಿ. ಅದರ ದಾರಿ ಗೊತ್ತಿಲ್ಲದೆ ಪ್ರಾಕ್ಸಿ ಉತ್ತರವನ್ನು ಫೈರ್‌ವಾಲಿಗೆ ಕೊಡ್ತಿತ್ತು. ಫೈರ್‌ವಾಲ್ ನೋಡಿತು: ಪ್ರಶ್ನೆಯೇ ನನ್ನ ಮೂಲಕ ಹೋಗಿಲ್ಲ, ಉತ್ತರ ಎಲ್ಲಿಂದ ಬಂತು? ಬಿಸಾಕಿತು. ಅದರ ತಪ್ಪೇನೂ ಇಲ್ಲ, ಅದರ ಕೆಲಸವೇ ಅದು. 10.20 ಅಂತ ಶುರುವಾಗುವುದೆಲ್ಲ ಒಳಗಿನ ಸ್ವಿಚ್ 10.20.0.1ರ ಮೂಲಕ ಹೋಗಲಿ ಅಂತ ಒಂದೇ ಒಂದು ರೂಟ್ ಸೇರಿಸಿದೆ. ಲ್ಯಾಬಿನಲ್ಲಿ ನೆಟ್ ಬಂತು. ಕೆಲವರು ಎರಡೂ ಕಾಲಿಗೆ ಒಂದೊಂದು ಡೀಫಾಲ್ಟ್ ಗೇಟ್‌ವೇ ಕೊಟ್ಟುಬಿಡ್ತಾರೆ. ಬೇಡ. ಡೀಫಾಲ್ಟ್ ಅಂದರೆ ಒಂದೇ.

ಹೊಸದಾಗಿ ಕಟ್ಟುವವರಿಗೆ ನನ್ನ ಅಭಿಪ್ರಾಯ ಕೇಳಿದರೆ ಒಂದೇ ಕಾಲು ಸಾಕು ಅಂತೀನಿ. ಪ್ರಾಕ್ಸಿಯನ್ನು ಫೈರ್‌ವಾಲಿನ ಪ್ರತ್ಯೇಕ ಕೊಂಡಿಯಲ್ಲಿ, ಅಂದರೆ ಡಿಎಂಝಡ್‌ನಲ್ಲಿ ಕೂರಿಸಿ. ಒಳಗಿನಿಂದ ಬರುವುದೂ ಫೈರ್‌ವಾಲ್ ದಾಟಿಯೇ ಬರಲಿ, ಹೊರಗೆ ಹೋಗುವುದೂ ದಾಟಿಯೇ ಹೋಗಲಿ. ಎರಡು ಕಾಲಿನ ಪೆಟ್ಟಿಗೆಯಲ್ಲಿ ಐಪಿ ಫಾರ್ವರ್ಡಿಂಗ್, ಅಂದರೆ ಒಂದು ಕಾಲಿಗೆ ಬಂದ ಪ್ಯಾಕೆಟ್ಟನ್ನು ಇನ್ನೊಂದರಿಂದ ದಾಟಿಸುವುದು, ಒಂದು ಸಲ ಆನ್ ಆಯಿತೋ, ಫೈರ್‌ವಾಲಿನ ಪಕ್ಕದಲ್ಲೇ ಹಿತ್ತಲ ಬಾಗಿಲು ತೆರೆದ ಹಾಗೆ. ನಮ್ಮಲ್ಲಿ ಎರಡು ಕಾಲು ಇರುವುದು ಹಳೆ ಕಾಲದ ಬಳುವಳಿ, ಅಷ್ಟೆ.

ಹೇಳಿಕೊಳ್ಳುವ ವಿಳಾಸ ಅಂದೆನಲ್ಲ. ಇದಕ್ಕೆ ಫೈಲ್ ಸಾಗಿಸುವ ಎಫ್‌ಟಿಪಿಗಿಂತ ಒಳ್ಳೆ ಉದಾಹರಣೆ ಇಲ್ಲ. ಹಳೆಯದು ಅಂತ ನಗಬೇಡಿ, ಇವತ್ತಿಗೂ ಎಷ್ಟೋ ಕಡೆ ನಡೀತಿದೆ. ಪ್ಯಾಸಿವ್ ಮೋಡ್‌ನಲ್ಲಿ ಸರ್ವರ್ "ಫೈಲ್ ಬೇಕಾದರೆ ಈ ವಿಳಾಸಕ್ಕೆ ಬಾ" ಅಂತ ಆರು ಅಂಕಿ ಕಳಿಸುತ್ತದೆ. ಮೊದಲ ನಾಲ್ಕು ವಿಳಾಸ, ಕೊನೆಯ ಎರಡು ಪೋರ್ಟು. ಉದಾಹರಣೆಗೆ ಕೊನೆಯ ಎರಡು 195, 80 ಅಂತಿದ್ದರೆ 195ನ್ನು 256ರಿಂದ ಗುಣಿಸಿ 80 ಕೂಡಿಸಿ: 50000. ತೊಂದರೆ ಇರುವುದು ಮೊದಲ ನಾಲ್ಕರಲ್ಲಿ. ಒಳಗೆ ಕೂತ ಸರ್ವರ್‌ಗೆ ಗೊತ್ತಿರುವುದು ತನ್ನ ರೂಮ್ ನಂಬರು. 172.16.5.20ಕ್ಕೆ ಬಾ ಅಂತ ಹೊರಗಿನವನಿಗೆ ಹೇಳುತ್ತದೆ. ಅವನು ಯಾವ ಹಾಸ್ಟೆಲಿನ 12ನೇ ರೂಮಿಗೆ ಹೋಗಬೇಕು? ಕವರಿನ ಮೇಲಿನ ವಿಳಾಸವನ್ನು ಗೇಟಿನಲ್ಲಿ ತಿದ್ದುತ್ತಾರೆ, ಪತ್ರದ ಒಳಗೆ ಬರೆದದ್ದನ್ನು ಎಲ್ಲ ಫೈರ್‌ವಾಲೂ ತಿದ್ದುವುದಿಲ್ಲ. ಪತ್ರಕ್ಕೆ ಗುಟ್ಟಿನ ಲಿಪಿ ಹಾಕಿದ್ದರಂತೂ ತಿದ್ದಲು ಆಗುವುದೇ ಇಲ್ಲ. ಅದಕ್ಕೇ ಇಂಥ ಪ್ರೋಗ್ರಾಂಗಳಲ್ಲಿ 'ಹೊರಗೆ ಹೇಳಬೇಕಾದ ವಿಳಾಸ' ಅಂತ ಬೇರೆಯೇ ಒಂದು ಖಾನೆ ಇರುತ್ತದೆ. ಅಲ್ಲಿ ಮಾತ್ರ 203.0.113.10 ಬರೀಬಹುದು, ಬರೀಲೇಬೇಕು. ಎರರ್ 99 ಬರುವುದಿಲ್ಲ, ಏಕೆಂದರೆ ಇಲ್ಲಿ ಅಂಗಿ ಹಾಕಿಕೊಳ್ಳುತ್ತಿಲ್ಲ, ಬರೀ ಹೇಳಿಕೊಳ್ಳುತ್ತಿದೆ.

ಇನ್ನು ತಿರುವುಮುರುವಾದ ಪ್ರಾಕ್ಸಿ, ರಿವರ್ಸ್ ಪ್ರಾಕ್ಸಿ. ಹೊರಗಿನವರು ನಮ್ಮ ವೆಬ್‌ಸೈಟಿಗೆ ಬಂದಾಗ ಮುಂದೆ ನಿಂತು ಒಳಗಿನ ಸರ್ವರ್‌ಗೆ ದಾಟಿಸುವವನು. ಒಳಗಿನ ಸರ್ವರ್‌ಗೆ ಯಾರೇ ಬಂದರೂ ಪ್ರಾಕ್ಸಿಯ ವಿಳಾಸವೇ ಕಾಣುತ್ತದೆ. ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯಲಿ ಅಂತ ನಾನು ಒಳಗಿನ ಸರ್ವರ್‌ನಲ್ಲಿ ಫೇಲ್‌ಟುಬ್ಯಾನ್ ಅನ್ನುವ ಪ್ರೋಗ್ರಾಂ ಹಾಕಿದ್ದೆ. ಫಲಿತಾಂಶದ ದಿನ ಹುಡುಗರು ಆತುರಕ್ಕೆ ತಪ್ಪು ತಪ್ಪು ಪಾಸ್‌ವರ್ಡ್ ಒತ್ತಿದರು. ಅದು ಲೆಕ್ಕ ಹಾಕಿ, ಈ ಒಂದೇ ವಿಳಾಸದಿಂದ ಭಾರೀ ಕಾಟ ಅಂತ ತೀರ್ಮಾನಿಸಿ, ಪ್ರಾಕ್ಸಿಯನ್ನೇ ತಡೆದು ಕೂರಿಸಿತು. ಇಡೀ ಊರಿಗೆ ಸೈಟ್ ಬಂದ್. ಬಂದವರ ಅಸಲಿ ವಿಳಾಸವನ್ನು ಎಕ್ಸ್ ಫಾರ್ವರ್ಡೆಡ್ ಫಾರ್ ಅನ್ನುವ ಹೆಡರ್‌ನಲ್ಲಿ, ಅಂದರೆ ಕೋರಿಕೆಯ ಜೊತೆ ಹೋಗುವ ಟಿಪ್ಪಣಿಯಲ್ಲಿ, ಪ್ರಾಕ್ಸಿ ಬರೆದು ಕಳಿಸಬಹುದು. ಆದರೆ ಆ ಹೆಡರನ್ನು ಯಾರು ಬೇಕಾದರೂ ಬರೀಬಹುದು. ನಮ್ಮ ಪ್ರಾಕ್ಸಿಯ ವಿಳಾಸದಿಂದ ಬಂದರೆ ಮಾತ್ರ ನಂಬು ಅಂತ ಒಳಗಿನ ಸರ್ವರ್‌ಗೆ ಹೇಳಿಕೊಡಬೇಕು.

ಕೊನೆಯಲ್ಲಿ ಒಬ್ಬರು ಐಪಿವಿ6, ಅಂದರೆ ಉದ್ದನೆಯ ಹೊಸ ವಿಳಾಸ ಪದ್ಧತಿಯ ಬಗ್ಗೆ ಕೇಳಿದರು. ಜರ್ನಲ್ ವಿಷಯದಲ್ಲಿ ಅದೂ ಕಾಡಿತ್ತು. ಪ್ರಾಕ್ಸಿಗೆ ವಿ6 ವಿಳಾಸವೂ ಸಿಕ್ಕ ಮೇಲೆ, ವಿ6 ಇರುವ ಪ್ರಕಾಶಕರ ಸೈಟಿಗೆ ಸ್ಕ್ವಿಡ್ ಆ ದಾರಿಯಲ್ಲೇ ಹೋಗತೊಡಗಿತು. ನಾನು ಬರೆದ 172.16.5.6 ವಿ4ಗೆ ಮಾತ್ರ ಅನ್ವಯ. ಮತ್ತೆ ದುಡ್ಡು ಕೇಳಲು ಶುರು. ಸದ್ಯಕ್ಕೆ ಆ ಕಾಲಿನಿಂದ ವಿ6 ತೆಗೆದಿದ್ದೇನೆ. ಸರಿಯಾದ ದಾರಿ ಅಂದರೆ ವಿ6ಗೂ ಅಂಥದ್ದೇ ಸಾಲು ಬರೆದು, ಆ ವಿಳಾಸವನ್ನೂ ಪ್ರಕಾಶಕರಿಗೆ ಕೊಡುವುದು. ಮಾಡಬೇಕು.

ಹೋದ ವರ್ಷ ಹಳೆ ಲೈನಿನವರನ್ನು ಬಿಟ್ಟು ಬೇರೆಯವರ ಹತ್ತಿರ ಹೋದೆವು. ಹೊರಗಿನ ವಿಳಾಸ ಬದಲಾಯಿತು. ಈ ಸಲ ಹುಷಾರಾಗಿದ್ದೆ. ಫೈರ್‌ವಾಲಿನಲ್ಲಿ ಒಂದೇ ನಿಯಮ ತಿದ್ದಿದೆ, ಪ್ರಾಕ್ಸಿಯನ್ನು ಮುಟ್ಟಲೇ ಇಲ್ಲ. ಪ್ರಕಾಶಕರಿಗೆ ಹೊಸ ವಿಳಾಸ ಬರೆಯುವ ಪತ್ರ ಇನ್ನೂ ಪ್ರಿನ್ಸಿಪಾಲರ ಸಹಿಗೆ ಕಾಯುತ್ತಿತ್ತು. ಅಷ್ಟರಲ್ಲಿ ಮೇಡಂ ಫೋನ್ ಮಾಡಿದರು.

"ಸರ್, ಪೇಪರ್ ಓಪನ್ ಆಗ್ತಿದೆ."

"ಇನ್ನೂ ಪತ್ರವೇ ಹೋಗಿಲ್ಲವಲ್ಲ ಮೇಡಂ!"

"ಅದೇ ಸರ್. ಪುಟದ ಮೇಲೆ ಚಂದಾದಾರರು ಅಂತ ಯಾವುದೋ ಬೇರೆ ಕಾಲೇಜಿನ ಹೆಸರು ಬರ್ತಿದೆ."

ನಮಗೆ ಸಿಕ್ಕ ವಿಳಾಸ ಹಿಂದೆ ಅವರದ್ದಾಗಿತ್ತು. ಅವರು ಬಿಟ್ಟು ಹೋಗುವಾಗ ಪ್ರಕಾಶಕರಿಗೆ ಹೇಳುವುದನ್ನು ಮರೆತಿದ್ದರು. ನಾವು ನಮ್ಮ ಹಳೆ ವಿಳಾಸದ ಬಗ್ಗೆ ಹೇಳಿದ್ದೆವಾ ಅಂತ ಮೇಡಂ ಕೇಳಿದರು. ಅವತ್ತು ಮಧ್ಯಾಹ್ನವೇ ಕೂತು ಎರಡೂ ಪತ್ರ ಬರೆದೆವು.